ಸಪ್ಪೆ ರೊಟ್ಟಿ

ದೇವಶಾಸ್ತ್ರ ಓದಿದವನಿಗೆ ದೇವರ ವಿಷಯವೆಲ್ಲ ಗೊತ್ತಿರುತ್ತದೆ ಎಂದು ಜನ ನಂಬಿಬಿಟ್ಟಿದ್ದಾರೆ. ಮದುವೆ ಮನೆಯಲ್ಲಿ ಊಟಕ್ಕೆ ಕೂತರೆ, ಸರಿಯಾಗಿ ಪಾಯಸ ಬಡಿಸುವ ಹೊತ್ತಿಗೆ ಪಕ್ಕದವರು ನನ್ನ ಕಡೆ ಬಾಗಿ, ‘ಅಲ್ಲ, ಬೇರೆ ಧರ್ಮದೋರು ಸ್ವರ್ಗಕ್ಕೆ ಹೋಗ್ತಾರೋ ಇಲ್ವೋ?’ ಎಂದು ಕೇಳುತ್ತಾರೆ. ನನಗೆ ಪಾಯಸದ ಚಿಂತೆ. ‘ನಾನು ಹೋದ್ರೆ ನೋಡ್ಕೊಂಡು ಬಂದು ಹೇಳ್ತೀನಿ’ ಎನ್ನುತ್ತೇನೆ. ಉಡಾಫೆಯ ಮನುಷ್ಯ ಎಂದುಕೊಂಡು ಅವರು ತಮ್ಮ ಎಲೆಯ ಕಡೆ ತಿರುಗುತ್ತಾರೆ.

ಉಡಾಫೆಯಲ್ಲ. ನನಗೆ ನಿಜವಾಗಿಯೂ ಗೊತ್ತಿಲ್ಲ. ಮೊದಲು ಗೊತ್ತಿತ್ತು. ಅರವತ್ತರ ದಶಕದ ಶುರುವಿನಲ್ಲಿ, ಬೆಂಗಳೂರಿನ ದೇವಶಾಸ್ತ್ರ ಕಾಲೇಜಿನಿಂದ ಹೊರಬಿದ್ದು ಶಿವಮೊಗ್ಗಕ್ಕೆ ಸಭಾಪಾಲಕನಾಗಿ, ಅಂದರೆ ಪಾದ್ರಿಯಾಗಿ, ಬಂದಾಗ ನನಗೆ ಎಲ್ಲವೂ ಗೊತ್ತಿತ್ತು. ಸುವಾರ್ತೆಯೂ ನಾಡಿನ ಸಂಸ್ಕೃತಿಯೂ ಹೇಗೆ ಕೈ ಕೈ ಹಿಡಿದು ನಡೆಯಬೇಕು ಎಂದು ಉದ್ದದ ಪ್ರಬಂಧ ಬರೆದು ಗುರುಗಳಿಂದ ಬೆನ್ನು ತಟ್ಟಿಸಿಕೊಂಡಿದ್ದೆ. ಆಮೇಲೆ ಭದ್ರಾವತಿಯಲ್ಲಿ ಒಂದು ಭಾನುವಾರ ಬೆಳಿಗ್ಗೆ ಒಬ್ಬ ಅಜ್ಜಿಯ ಕೈಗೆ ಒಂದು ಚೂರು ರೊಟ್ಟಿ ಹಾಕಿದೆ. ಅಲ್ಲಿಂದ ನನ್ನ ತಲೆ ಕೆಟ್ಟಿತು.

ಆಗ ಭದ್ರಾವತಿಯ ಸಭೆಗೆ ಬೇರೆ ಪಾಲಕರು ಇರಲಿಲ್ಲ. ಒಂದು ಭಾನುವಾರ ಶಿವಮೊಗ್ಗ, ಒಂದು ಭಾನುವಾರ ಭದ್ರಾವತಿ ಎಂದು ನಾನೇ ಓಡಾಡಬೇಕಿತ್ತು. ಸೈಕಲ್ಲನ್ನೂ ಬೆಳಗಿನ ರೈಲಿಗೆ ಹಾಕಿಕೊಂಡು ಹೋಗಿ, ಸ್ಟೇಷನ್ನಿನಲ್ಲಿ ಇಳಿದು, ಹೊಳೆಯ ಸೇತುವೆ ದಾಟಿ, ಕಬ್ಬಿಣದ ಕಾರ್ಖಾನೆಯ ಕ್ವಾರ್ಟರ್ಸುಗಳ ಹಿಂದಿದ್ದ ಪ್ರಾರ್ಥನಾಮಂದಿರ ತಲಪುವಷ್ಟರಲ್ಲಿ ನನ್ನ ಬಿಳಿ ನಿಲುವಂಗಿಯ ಗಂಟಿನ ಮೇಲೂ ಮಸಿ ಕೂತಿರುತ್ತಿತ್ತು. ಮಂದಿರವೆಂದರೆ ಶೀಟು ಹೊದಿಸಿದ ಒಂದು ಉದ್ದದ ಕೋಣೆ. ಗಂಡಸರಿಗೆ ಬೆಂಚು, ಹೆಂಗಸರಿಗೆ ಚಾಪೆ. ಕನ್ನಡದವರು, ತಮಿಳಿನವರು, ತೆಲುಗಿನವರು ಎಲ್ಲರೂ ಒಂದೇ ಧಾಟಿಯಲ್ಲಿ, ಅವರವರ ಭಾಷೆಯಲ್ಲಿ, ಒಟ್ಟಿಗೇ ಕೀರ್ತನೆ ಹಾಡುತ್ತಿದ್ದರು. ದೇವರಿಗೆ ಮೂರೂ ಕೇಳಿಸುತ್ತಿತ್ತೇನೋ, ನನಗೆ ಒಂದೂ ಕೇಳಿಸುತ್ತಿರಲಿಲ್ಲ.

ತಿಂಗಳಿಗೊಮ್ಮೆ ಅಲ್ಲಿ ಕರ್ತನ ಭೋಜನದ ಸಂಸ್ಕಾರ ನಡೆಯುತ್ತಿತ್ತು. ಯೇಸು ತನ್ನ ಶಿಷ್ಯರ ಜೊತೆ ಮಾಡಿದ ಕಡೆಯ ಊಟದ ನೆನಪಿಗೆ ರೊಟ್ಟಿ ಮುರಿದು ಹಂಚಿ, ಒಂದೇ ಪಾತ್ರೆಯಿಂದ ಎಲ್ಲರೂ ದ್ರಾಕ್ಷಾರಸ ಗುಟುಕರಿಸುವ ವಿಧಿ. ಕ್ರೈಸ್ತರಾಗುವ ದೀಕ್ಷಾಸ್ನಾನ ಆದವರಿಗೆ ಮಾತ್ರ. ಶಿವಮೊಗ್ಗದಲ್ಲಿ ಬೇಕರಿಯ ಬ್ರೆಡ್ಡು ಆಗುತ್ತಿತ್ತು. ಭದ್ರಾವತಿಯವರಿಗೆ ಬ್ರೆಡ್ಡು ಒಪ್ಪಿಗೆಯಿಲ್ಲ. ಅಲ್ಲಿ ಮನೆಗಳ ಸರದಿ. ಸರದಿ ಬಂದ ಮನೆಯ ಹೆಂಗಸು ಶನಿವಾರ ಗೋಧಿ ಹಿಟ್ಟನ್ನು ಬರೀ ನೀರಿನಲ್ಲಿ ಕಲೆಸಿ, ಹುಳಿಯಿಲ್ಲದೆ, ಉಪ್ಪಿಲ್ಲದೆ, ಎಣ್ಣೆ ಸೋಕಿಸದೆ ದಪ್ಪಗೆ ಸುಟ್ಟು, ಹೊಸ ಬಟ್ಟೆಯಲ್ಲಿ ಸುತ್ತಿ ತರಬೇಕು. ಉಪ್ಪು ಯಾಕೆ ಬೇಡ ಎಂದು ಯಾರಿಗೂ ಗೊತ್ತಿರಲಿಲ್ಲ. ಮೊದಲಿನಿಂದ ಹಾಗೆ. ತಿಂದರೆ ಗಂಟಲಿಗೆ ಅಂಟುತ್ತಿತ್ತು, ನಾವು ಅದನ್ನೇ ಭಕ್ತಿ ಎಂದುಕೊಂಡಿದ್ದೆವು.

ಈ ಎಲ್ಲ ವ್ಯವಸ್ಥೆ ಸಭೆಯ ಹಿರಿಯರೊಬ್ಬರ ಕೈಯಲ್ಲಿತ್ತು. ಕಾರ್ಖಾನೆಯಲ್ಲಿ ಫೋರ್‌ಮನ್. ಮಾತು ಕಮ್ಮಿ, ಅಂಗಿಯ ಗುಂಡಿಗಳನ್ನು ಕೊರಳ ತನಕ ಹಾಕಿಕೊಳ್ಳುವ ಮನುಷ್ಯ. ಅವರ ತಂದೆ ಇಲ್ಲೇ ಆಸುಪಾಸಿನ ಹಳ್ಳಿಯ ಊರಾಚೆ ಕೇರಿಯವರು. ದೀಕ್ಷಾಸ್ನಾನ ತೆಗೆದುಕೊಂಡು, ಊರವರಿಂದ ಪೆಟ್ಟು ತಿಂದು, ಹೆಂಡತಿ ಮಕ್ಕಳನ್ನು ಕರೆದುಕೊಂಡು ಕಾರ್ಖಾನೆ ಕಟ್ಟುವಾಗ ಮಣ್ಣು ಹೊರಲು ಬಂದವರು. ಸಂಸ್ಕಾರದ ಹೊತ್ತಿಗೆ ನನ್ನ ಎಡಗಡೆ ರೊಟ್ಟಿಯ ತಟ್ಟೆ ಹಿಡಿದು ನಿಲ್ಲುತ್ತಿದ್ದವರು ಈ ಫೋರ್‌ಮನ್ನರೇ.

ಅಜ್ಜಿ ಬಂದದ್ದು ಹೀಗೆ. ಆಸ್ಪತ್ರೆಯಲ್ಲಿ ನರ್ಸಾಗಿದ್ದ ಒಬ್ಬ ಹೆಂಗಸು ನಮ್ಮ ಸಭೆಯಲ್ಲಿದ್ದಳು. ಹುಟ್ಟಿದ್ದು ಶಿವಮೊಗ್ಗದ ಆಚೆಯ ಹಳ್ಳಿಯ ಒಂದು ಲಿಂಗಾಯತ ಮನೆಯಲ್ಲಿ. ನಮ್ಮ ಸಭೆಯ ಫಿಟ್ಟರ್ ಹುಡುಗನನ್ನು ಮದುವೆಯಾಗಿ ದೀಕ್ಷಾಸ್ನಾನ ತೆಗೆದುಕೊಂಡಿದ್ದಳು. ತವರಿನವರು ಅವಳ ಹೆಸರೆತ್ತುವುದನ್ನೇ ಬಿಟ್ಟಿದ್ದರು. ತಂದೆ ತೀರಿಕೊಂಡ ಮೇಲೆ ಒಂದು ದಿನ ಅವಳ ತಾಯಿ ಟ್ರಂಕು ಹಿಡಿದುಕೊಂಡು ಕ್ವಾರ್ಟರ್ಸಿನ ಬಾಗಿಲಿಗೆ ಬಂದು ನಿಂತಳಂತೆ. ಗಂಡುಮಕ್ಕಳಿಲ್ಲ. ಮೈದುನ, ‘ಅವಳ ಮನೆಗೆ ಹೋದ್ರೆ ಮತ್ತೆ ಈ ಕಡೆ ತಲೆ ಹಾಕ್ಬೇಡ’ ಎಂದು ಹೇಳಿಯೇ ಕಳಿಸಿದ್ದ.

ಅಜ್ಜಿ ಭಾನುವಾರ ಮಗಳ ಜೊತೆ ಮಂದಿರಕ್ಕೂ ಬರತೊಡಗಿದಳು. ಮನೆಯಲ್ಲಿ ಒಬ್ಬಳೇ ಕೂತು ಏನು ಮಾಡುವುದು? ಹಿಂದಿನ ಚಾಪೆಯ ಮೂಲೆಯಲ್ಲಿ, ಹಣೆಯ ಮೇಲೆ ವಿಭೂತಿ, ಕೊರಳಲ್ಲಿ ಬಿಳಿ ಬಟ್ಟೆಯಲ್ಲಿ ಸುತ್ತಿ ಕಟ್ಟಿದ ಇಷ್ಟಲಿಂಗ. ನಾವು ಕಣ್ಣು ಮುಚ್ಚಿ ಪ್ರಾರ್ಥನೆ ಮಾಡುವಾಗ ಅವಳೂ ಕಣ್ಣು ಮುಚ್ಚಿ ಆ ಗಂಟಿನ ಮೇಲೆ ಕೈಯಿಟ್ಟುಕೊಳ್ಳುತ್ತಿದ್ದಳು. ನನ್ನನ್ನು ಅಯ್ಯನೋರೇ ಎನ್ನುತ್ತಿದ್ದಳು. ನಮ್ಮವರೂ ಪಾಲಕನನ್ನು ಹಾಗೇ ಕರೆಯುವುದು, ಅವಳ ಊರಲ್ಲಿ ಮಠದ ಸ್ವಾಮಿಯನ್ನು ಕರೆಯುವುದೂ ಹಾಗೇ. ಯಾರೂ ಆಕ್ಷೇಪಿಸಲಿಲ್ಲ. ನನಗಂತೂ ಒಳಗೊಳಗೇ ಖುಷಿ. ನನ್ನ ಪ್ರಬಂಧವೇ ನಡೆದುಕೊಂಡು ಬಂದು ಚಾಪೆಯ ಮೇಲೆ ಕೂತ ಹಾಗಿತ್ತು.

ಆ ಭಾನುವಾರ ಗಂಡಸರ ಸಾಲು ಮುಗಿದು ಹೆಂಗಸರ ಸಾಲು ಮುಂದೆ ಬಂದು ಮಂಡಿಯೂರಿತು. ನಾನು ‘ಇದು ನಿನಗೋಸ್ಕರ ಕೊಡಲ್ಪಟ್ಟ ದೇಹ’ ಎನ್ನುತ್ತಾ ಒಬ್ಬೊಬ್ಬರ ಅಂಗೈಗೆ ಒಂದೊಂದು ಚೂರು ಹಾಕುತ್ತಾ ಬರುತ್ತಿದ್ದೆ. ನರ್ಸಿನ ಪಕ್ಕದಲ್ಲಿ ಇನ್ನೊಂದು ಕೈ ಬಂತು. ಅದರ ಜೊತೆಗಿದ್ದ ಎಡಗೈಯಲ್ಲಿ, ಬಿಡಿಸಿದ ಬಿಳಿ ಬಟ್ಟೆಯ ನಡುವೆ, ಕಪ್ಪಗೆ ಮಿರುಗುವ ಲಿಂಗ. ನಾನು ಲಿಂಗಾಯತರ ಓಣಿಯಲ್ಲಿ ಆಡಿ ಬೆಳೆದವನು, ಅದೇನೆಂದು ನನಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ನನ್ನ ಕೈ ಮುಂದೆ ಹೋಯಿತು. ಚೂರು ಅಜ್ಜಿಯ ಬಲಗೈಗೆ ಬಿತ್ತು. ಅವಳು ಅದನ್ನು ಲಿಂಗದ ಮುಂದೆ ಹಿಡಿದಳು, ಮುಟ್ಟಿಸಿದಳು, ಬಾಯಲ್ಲಿ ಹಾಕಿಕೊಂಡಳು. ಬಟ್ಟೆ ಸುತ್ತಿ ಕೊರಳಿಗೆ ಕಟ್ಟಿಕೊಂಡು, ದ್ರಾಕ್ಷಾರಸದ ಪಾತ್ರೆಗೂ ಕಾಯದೆ ಎದ್ದು ಹೋಗಿ ತನ್ನ ಮೂಲೆಯಲ್ಲಿ ಕೂತಳು. ಮಗಳಿಗೆ ಏನೂ ಗೊತ್ತಾಗಲಿಲ್ಲ, ಅವಳು ಕಣ್ಣು ಮುಚ್ಚಿದ್ದಳು. ನನ್ನ ಎಡಗಡೆಯ ತಟ್ಟೆ ಮಾತ್ರ ಸ್ವಲ್ಪ ಅಲುಗಿತು.

ಆರಾಧನೆ ಮುಗಿದ ಮೇಲೆ ಫೋರ್‌ಮನ್ನರು ಬಾಗಿಲು ಮುಂದೆ ಮಾಡಿ ಕೇಳಿದರು: ‘ನೋಡಿ ಕೊಟ್ರೋ, ನೋಡದೆ ಕೊಟ್ರೋ?’

ಒಂದೇ ಮಾತಿನಲ್ಲಿ ಉತ್ತರಿಸಬಹುದಾದ ಪ್ರಶ್ನೆ. ನೋಡಿದ್ದು ಹೌದು. ಕೊಟ್ಟದ್ದೂ ಹೌದು. ನೋಡಿದ್ದರಿಂದ ಕೊಟ್ಟೆನೋ, ನೋಡಿದರೂ ಕೊಟ್ಟೆನೋ, ಕೈ ರೂಢಿಯಂತೆ ತನ್ನಷ್ಟಕ್ಕೆ ಹೋಯಿತೋ? ಇಷ್ಟನ್ನು ಅವರ ಮುಂದೆ ತೊದಲಿದೆ.

‘ದೀಕ್ಷಾಸ್ನಾನ ಇಲ್ಲ ಅನ್ನೋದನ್ನ ನಾನು ಹೊಟ್ಟೆಗೆ ಹಾಕ್ಕೊಳ್ತೀನಿ, ಮುದುಕಿ, ಗೊತ್ತಿಲ್ದೆ ಬಂದ್ಲು ಅಂತ’ ಎಂದರು ಅವರು. ‘ಆದ್ರೆ ಅವಳು ಅದನ್ನ ಶುದ್ಧ ಮಾಡ್ಕೊಂಡು ತಿಂದ್ಲು ಅಯ್ಯನೋರೇ. ನಮ್ಮ ಕೈ ಸೋಕಿದೆ ಅಂತ. ಈ ತಿಂಗ್ಳು ಯಾರ ಮನೆ ರೊಟ್ಟಿ ಗೊತ್ತಾ? ನಮ್ಮನೇದು. ನನ್ನ ಹೆಂಡ್ತಿ ಸುಟ್ಟಿದ್ದು. ಎಲ್ರ ಬಾಯಿ ತಾಗಿದ ಪಾತ್ರೆ ಬರೋ ಮುಂಚೆ ಎದ್ದೋದ್ಲು, ಅದನ್ನಾದ್ರೂ ನೋಡಿದ್ರಾ?’

ನಾನು ಕಾಲೇಜಿನಲ್ಲಿ ಕಲಿತದ್ದನ್ನು ಹೇಳಹೊರಟೆ. ಅವರ ಸಂಪ್ರದಾಯದಲ್ಲಿ ಪ್ರಸಾದವನ್ನು ಲಿಂಗಕ್ಕೆ ಅರ್ಪಿಸುವುದು ದೊಡ್ಡ ಗೌರವ, ಅವಳು ನಮ್ಮ ರೊಟ್ಟಿಯನ್ನು ಪ್ರಸಾದ ಎಂದು ಒಪ್ಪಿಕೊಂಡಳು, ಇದನ್ನು ನಾವು ತೆರೆದ ಮನಸ್ಸಿನಿಂದ ಎಂದು ಶುರುಮಾಡಿದೆ. ಫೋರ್‌ಮನ್ನರು ಕೈ ಎತ್ತಿ ತಡೆದರು.

‘ನಮ್ಮಪ್ಪ ಮನೇಲಿದ್ದ ದೇವ್ರನ್ನೆಲ್ಲ ಹೊಳೆಗೆ ಹಾಕಿ ಬಂದೋರು. ಅದಕ್ಕೇ ಪೆಟ್ಟು ತಿಂದ್ರು. ತಗೊಂಡೇ ಬರ್ಬಹುದಿತ್ತು ಅಂತ ಈಗ ನೀವು ಹೇಳ್ತಿದ್ದೀರಾ? ಹಂಗಾದ್ರೆ ನಾವು ಬಿಟ್ಟಿದ್ದು ಯಾತಕ್ಕೆ?’

ಹೊರಡಲು ಬಾಗಿಲಿಗೆ ಕೈ ಹಾಕಿದವರು ತಿರುಗಿ, ‘ನಿಮ್ಮೋರು ಯಾವ ಕಡೆಯಿಂದ ಬಂದೋರು?’ ಎಂದರು.

ನಮ್ಮ ಮುತ್ತಜ್ಜ ಯಾವ ಜಾತಿ ಬಿಟ್ಟು ಬಂದರು ಎಂದು ನಮ್ಮ ಮನೆಯಲ್ಲಿ ಯಾರೂ ಹೇಳಿದವರಲ್ಲ. ಕೇಳಿದರೆ, ‘ಕ್ರಿಸ್ತನಲ್ಲಿ ಅದೆಲ್ಲ ಇಲ್ಲ’ ಎಂದು ನನ್ನ ಅಜ್ಜಿ ಮಾತು ಮುಗಿಸುತ್ತಿದ್ದರು. ಹೆಮ್ಮೆಯಿಂದ ಮುಚ್ಚಿಟ್ಟರೋ ನಾಚಿಕೆಯಿಂದ ಮುಚ್ಚಿಟ್ಟರೋ ದೇವರೇ ಬಲ್ಲ. ಬಾಗಿಲ ಹೊರಗೆ ನಿಂತು ಬೇಡಿದವರ ಮಗನೋ, ಒಳಗಿನಿಂದ ಎಸೆದವರ ಮಗನೋ ಎಂಬುದೇ ತಿಳಿಯದೆ ನಾನು ಸಮಾನತೆಯ ಮೇಲೆ ಪ್ರಸಂಗ, ಉಪದೇಶ ಮಾಡುತ್ತಿದ್ದೆ. ಆ ದಿನ ಮೊದಲ ಬಾರಿಗೆ ಅದರ ಬಿಸಿ ನನಗೆ ತಾಗಿತು.

ಹಿರಿಯರು ಕೂತು ತೀರ್ಮಾನ ಮಾಡಿದರು. ಮುಂದಿನ ಸಂಸ್ಕಾರದೊಳಗೆ ನಾನು ಆ ಅಜ್ಜಿಗೆ ಮಂದಿರಕ್ಕೆ ಬರಬೇಡಿ ಎಂದು ಹೇಳಬೇಕು. ನಾನು ಹೇಳದಿದ್ದರೆ ಫೋರ್‌ಮನ್ನರೇ ಹೇಳುತ್ತಾರೆ, ವಿಷಯ ಬಿಷಪ್ಪರ ತನಕ ಹೋಗುತ್ತದೆ. ಸುದ್ದಿ ನರ್ಸಿಗೆ ಮುಟ್ಟಿತು. ‘ಅಮ್ಮ ಬರಬಾರ್ದು ಅಂದ್ರೆ ನಾನೂ ಬರಲ್ಲ’ ಎಂದು ಅವಳು ಗಂಡನಿಗೆ ಹೇಳಿದಳಂತೆ. ‘ನನ್ನಿಂದ ನಿನ್ನ ಮನೆ ಒಡೆಯೋದು ಬೇಡ’ ಎಂದು ಅಜ್ಜಿ ಟ್ರಂಕು ಎಳೆದುಕೊಂಡಳಂತೆ. ಎಲ್ಲಿಗೆ ಹೋಗುತ್ತಾಳೆ? ಬಾಗಿಲು ತೆಗೆಯದ ಮೈದುನನ ಮನೆಗೆ. ನಾನು ಒಂದು ಮಾತು ಹೇಳಿದರೆ ಒಬ್ಬ ಮುದುಕಿಗೆ ಇರುವ ಒಂದೇ ಮನೆ ತಪ್ಪುತ್ತದೆ, ಹೇಳದಿದ್ದರೆ ನಮ್ಮವರು ಪೆಟ್ಟು ತಿಂದು ಬಿಟ್ಟು ಬಂದದ್ದಕ್ಕೆ ಬೆಲೆಯಿಲ್ಲ ಎಂದಂತಾಗುತ್ತದೆ. ಅಡಕತ್ತರಿಯಲ್ಲಿ ಸಿಕ್ಕಿಕೊಂಡೆ.

ಆ ವಾರ ಶಿವಮೊಗ್ಗದಲ್ಲಿ ಸೈಕಲ್ಲಿನ ಚೈನು ತುಂಡಾಯಿತು. ಹೊಳೆ ದಾಟಿ ಭದ್ರಾವತಿ ರಸ್ತೆ ಹಿಡಿಯುವ ಕಡೆ, ಈಗ ವಿದ್ಯಾನಗರ ಎನ್ನುವಲ್ಲಿ, ಒಬ್ಬ ಸಾಬರ ಸೈಕಲ್ ಅಂಗಡಿ ಇತ್ತು. ನನಗಿಂತ ಸ್ವಲ್ಪ ದೊಡ್ಡವನು, ನನ್ನನ್ನು ಗೇಲಿ ಮಾಡುವ ಹಕ್ಕು ಇದೆ ಎಂದುಕೊಂಡವನು. ಚೈನು ಬಿಚ್ಚುತ್ತಾ, ‘ಏನ್ ಪಾದ್ರಿ ಸಾಬ್, ಮುಖ ಪಂಚರ್ ಆಗಿದೆ?’ ಎಂದ. ಹೆಸರು ಹೇಳದೆ ಕತೆ ಹೇಳಿದೆ.

‘ಅಲ್ಲ ಮಾರಾಯ್ರೇ, ನಮ್ದು ನಮಾಜ್ ಬೇರೆ, ಊಟ ಬೇರೆ. ದಾವತ್ತಿಗೆ ಯಾರು ಬಂದ್ರೂ ಕೂರಿಸಿ ಹಾಕ್ತೀವಿ, ಎಲ್ಲಿಯವನು ಅಂತ ಕೇಳಲ್ಲ. ನೀವು ನಮಾಜಿನ ಒಳಗೇ ಊಟ ಇಟ್ಕೊಂಡಿದ್ದೀರ. ಗಲಾಟೆ ಆಗ್ದೆ ಇನ್ನೇನಾಗುತ್ತೆ?’

‘ಹಾಗಾದ್ರೆ ನಾನೇನ್ ಮಾಡ್ಲಿ?’

‘ನನ್ನ ಕೇಳಿದ್ರೆ? ನಂಗೇನ್ ಗೊತ್ತು. ಬ್ರೇಕೂ ಹೋಗಿದೆ, ಹಾಕ್ಲಾ?’

ನನಗೆ ರೇಗಿಹೋಯಿತು. ಬ್ರೇಕು ಹಾಕಿಸಿಕೊಂಡು ಬಂದೆ.

ಅಜ್ಜಿಗೆ ಹೇಳಲೇಬೇಕೆಂದು ಹೊರಟು ಕ್ವಾರ್ಟರ್ಸಿಗೆ ಹೋದೆ. ಬಾಗಿಲ ಪಕ್ಕದಲ್ಲೇ ಹಗ್ಗ ಬಿಗಿದ ಟ್ರಂಕು ಇತ್ತು. ಅಜ್ಜಿ ಮೊರದಲ್ಲಿ ಅಕ್ಕಿ ಆರಿಸುತ್ತಾ ಕೂತಿದ್ದಳು. ಮಗಳು ಕಾಫಿ ತಂದಿಟ್ಟು, ನನ್ನ ಮುಖ ನೋಡದೆ ಗೋಡೆಗೆ ಒರಗಿ ನಿಂತಳು. ಹೇಳಬೇಕಾದ ಮಾತು ಬಾಯಿಗೆ ಬರಲಿಲ್ಲ, ಬದಲಿಗೆ ಪ್ರಶ್ನೆ ಬಂತು.

‘ಅಜ್ಜಿ, ಅವತ್ತು ನೀವು ಮುಂದೆ ಬಂದಿದ್ದು ಯಾಕೆ?’

‘ಎಲ್ರೂ ಪ್ರಸಾದಕ್ಕೆ ಎದ್ದಾಗ ನಾನೊಬ್ಳು ಕೂತ್ಕೊಂಡಿದ್ರೆ ಏನ್ ಚೆಂದ ಅಯ್ಯನೋರೇ? ಬ್ಯಾಡ ಅಂದಂಗಾಗಲ್ವಾ?’

‘ಆಮೇಲೆ ಪಾತ್ರೆ ಬರೋ ಮುಂಚೆ ಎದ್ದು ಹೋದ್ರಿ.’

‘ಇನ್ನೂ ಕೊಡ್ತಾರೆ ಅಂತ ನಂಗೆ ಯಾರು ಹೇಳಿದ್ರು? ಪ್ರಸಾದ ಕೊಟ್ಟಾಯ್ತು, ಹಿಂದಿನೋರಿಗೆ ಜಾಗ ಬಿಡೋಣ ಅಂತ ಎದ್ದೆ.’

ನನ್ನ ಎದೆ ಹಗುರವಾಯಿತು. ಅಷ್ಟಕ್ಕೆ ಸುಮ್ಮನಾಗಿದ್ದರೆ ಚೆನ್ನಾಗಿತ್ತು. ಓದಿದವನ ಚಟ, ತಳ ಮುಟ್ಟುವ ತನಕ ಕೆದಕುವುದು.

‘ಆ ರೊಟ್ಟಿಯನ್ನ ಲಿಂಗಕ್ಕೆ ತೋರಿಸಿದ್ರಲ್ಲ. ಯಾರ ಮನೇದೋ ಏನೋ, ಮೈಲಿಗೆ ಅಂತ ಅನ್ನಿಸ್ತಾ?’

ಅಕ್ಕಿ ಆರಿಸುತ್ತಿದ್ದ ಕೈ ನಿಂತಿತು. ‘ಅಮ್ಮ, ಹಂಗೇನಿಲ್ಲ ಅಂತ ಹೇಳು’ ಎಂದಳು ಮಗಳು ಗೋಡೆಯ ಕಡೆಯಿಂದ.

‘ಸುಳ್ಳು ಯಾಕೆ ಹೇಳ್ಲಿ’ ಎಂದಳು ಅಜ್ಜಿ. ‘ಅನ್ನಿಸ್ತು. ಯಾರು ಕಲೆಸಿದ್ರೋ, ಎಂಥ ಕೈಯೋ ಅಂತ ಅನ್ನಿಸ್ತು. ಹುಟ್ದಾಗಿಂದ ಬಂದಿದ್ದು, ಕೈ ಬಿಡುತ್ತಾ? ಪ್ರಸಾದ ಅಂದ್ಮೇಲೆ ಹಂಗೆಲ್ಲ ನೆನೀಬಾರ್ದು ಅಂತಾನೂ ಅನ್ನಿಸ್ತು. ಎರಡೂ ಒಟ್ಟಿಗೇ ಅನ್ನಿಸ್ತು. ನಂಗೆ ತಿಳಿಯಲ್ಲ, ನೀನೇ ನೋಡ್ಕೊಳ್ಳಪ್ಪ ಅಂತ ಅವನ ಮುಂದೆ ಹಿಡಿದೆ.’

‘ಅವನು ಏನಂದ?’ ಎಂದೆ, ದಡ್ಡನ ಹಾಗೆ.

‘ಅವನೇನಂತಾನೆ? ಬೆಳಿಗ್ಗೆಯಿಂದ ಏನೂ ತಿಂದಿರ್ಲಿಲ್ಲ. ತಿಂದೆ.’

ನಾನು ಬಂದ ಕೆಲಸ ಹೇಳದೆಯೇ ಎದ್ದೆ. ಕಾಫಿ ಕುಡಿದೆನೋ ಇಲ್ಲವೋ ನೆನಪಿಲ್ಲ. ಸೇತುವೆಯ ಮೇಲೆ ಸೈಕಲ್ ನಿಲ್ಲಿಸಿ ಹೊಳೆ ನೋಡುತ್ತಾ ನಿಂತೆ. ಫೋರ್‌ಮನ್ನರು ಹೇಳಿದ್ದು ಸರಿ. ನಾನು ಹೇಳಿದ್ದೂ ಸರಿ. ಎರಡೂ ಒಂದೇ ಅಂಗೈಯಲ್ಲಿ ಸರಿ. ಇದನ್ನು ಇಟ್ಟುಕೊಂಡು ಒಬ್ಬ ಪಾಲಕ ಏನು ಮಾಡಬೇಕು? ನನಗೆ ನನ್ನ ಗುರುಗಳ ಮೇಲೆ ಸಿಟ್ಟು ಬಂತು. ಸಂಸ್ಕೃತಿ ಎಂದರೆ ಹಾಡು, ರಂಗೋಲಿ, ಹಣತೆ ಎನ್ನುವ ಹಾಗೆ ಪಾಠ ಮಾಡಿ ಕಳಿಸಿದ್ದರು. ಅದರಲ್ಲಿ ಅಸಹ್ಯವೂ ಬೆರೆತಿರುತ್ತದೆ, ಒಂದನ್ನು ಬಿಟ್ಟು ಒಂದನ್ನು ಸೋಸಿ ತೆಗೆಯಲು ಬರುವುದಿಲ್ಲ ಎಂದು ಯಾರೂ ಹೇಳಿರಲಿಲ್ಲ.

ಮುಂದಿನ ಸಂಸ್ಕಾರದ ಭಾನುವಾರ ಬಂತು. ಅಂದು ರೊಟ್ಟಿಯ ಸರದಿ ನರ್ಸಿನ ಮನೆಯದು. ಸರದಿ ತಪ್ಪಿಸೋಣವೇ ಎಂದು ಕೆಲವರು ಕೇಳಿದ್ದಕ್ಕೆ ಫೋರ್‌ಮನ್ನರೇ, ‘ಅವಳು ಸಭೆಯೋಳು, ಅವಳ ಮೇಲೆ ನಂದೇನೂ ಇಲ್ಲ’ ಎಂದಿದ್ದರು. ನಾನು ಮಂದಿರದ ಮೆಟ್ಟಿಲಿಗೆ ಸೈಕಲ್ ಒರಗಿಸುವಾಗ ನರ್ಸು ಬಟ್ಟೆಯ ಗಂಟು ನನ್ನ ಕೈಗೆ ಕೊಟ್ಟು, ಮೆತ್ತಗೆ ಹೇಳಿದಳು.

‘ಅಯ್ಯನೋರೇ, ನಿನ್ನೆ ನಂಗೆ ಡ್ಯೂಟಿ ಬಿತ್ತು. ರೊಟ್ಟಿ ಅಮ್ಮ ಸುಟ್ಟಿದ್ದು. ನಿಮ್ಗೆ ಹೇಳ್ದೆ ಇರಕ್ಕಾಗ್ಲಿಲ್ಲ. ಬ್ಯಾಡ ಅಂದ್ರೆ ಹೇಳಿ, ಈಗ್ಲೇ ವಾಪಸ್ ತಗೊಂಡ್ ಹೋಗ್ತೀನಿ. ಅವಳನ್ನೂ.’

ಅಜ್ಜಿ ದೂರದಲ್ಲಿ ಹೊಂಗೆ ಮರದ ಕೆಳಗೆ ನಿಂತಿದ್ದಳು. ಗಂಟು ನನ್ನ ಕೈಯಲ್ಲೇ ಇತ್ತು. ಬಚ್ಚಿಟ್ಟರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಆದರೆ ಆ ಅಜ್ಜಿ ಸುಳ್ಳು ಯಾಕೆ ಹೇಳಲಿ ಎಂದಿದ್ದಳಲ್ಲ, ಅದು ನನಗೆ ಅಂಟಿಕೊಂಡಿತ್ತು. ಒಳಗೆ ಹೋಗಿ ಫೋರ್‌ಮನ್ನರನ್ನು ಪಕ್ಕಕ್ಕೆ ಕರೆದು ಎಲ್ಲವನ್ನೂ ಹೇಳಿದೆ. ಅಜ್ಜಿಗೆ ಅನ್ನಿಸಿದ ಎರಡನ್ನೂ ಹೇಳಿದೆ, ಈ ರೊಟ್ಟಿ ಯಾರ ಕೈಯದು ಎಂಬುದನ್ನೂ ಹೇಳಿದೆ, ನಾನು ಅವಳಿಗೆ ಬರಬೇಡ ಎಂದು ಹೇಳಿಲ್ಲ, ಹೇಳಲು ನನ್ನಿಂದ ಆಗುವುದಿಲ್ಲ ಎಂದೂ ಹೇಳಿದೆ.

ಅವರು ಗಂಟಿನ ಕಡೆ ನೋಡಿದರು.

‘ನಮ್ಮವ್ವ ಇಂಥೋರ ಮನೆ ಹಿತ್ಲಾಗೆ ನಿಂತ್ಕೋಬೇಕಿತ್ತು’ ಎಂದರು. ‘ಸೆರಗು ಹಿಡಿದ್ರೆ ಮೇಲಿಂದ ಹಾಕೋರು. ತಾಗ್ಬಾರ್ದು ಅಂತ. ಅನ್ನ ಅರ್ಧ ಕೆಳಗೆ ಬೀಳೋದು. ಅದನ್ನೂ ಆರಿಸ್ಕೊಂಡು ಬರೋಳು. ನಾನು ಅವಳ ಪಕ್ಕ ನಿಂತ್ಕೊಂಡು ನೋಡಿದ್ದೀನಿ.’

ನಾನು ಗಂಟನ್ನು ತಟ್ಟೆಯಲ್ಲಿಟ್ಟೆ.

‘ಇವತ್ತು ನಾನು ಏನ್ ಮಾಡ್ತೀನೋ ನಂಗೇ ಗೊತ್ತಿಲ್ಲ’ ಎಂದರು. ‘ಹೊತ್ತಾಯ್ತು. ಗಂಟೆ ಹೊಡೀರಿ.’

ಗಂಟೆ ಹೊಡೆದೆ. ಕೀರ್ತನೆ ಹಾಡಿದರು, ಬೈಬಲ್ ಪಾಠ ಓದಿದರು. ನಾನು ಏನು ಪ್ರಸಂಗ ಮಾಡಿದೆನೋ ನನಗೇ ತಿಳಿಯದು. ರೊಟ್ಟಿ ಮುರಿಯುವ ಹೊತ್ತಿಗೆ ಎಡಗಡೆ ನೋಡಿದೆ. ಫೋರ್‌ಮನ್ನರು ತಟ್ಟೆ ಹಿಡಿಯಲು ಬರಲಿಲ್ಲ. ಮುಂದಿನ ಬೆಂಚಿನಲ್ಲಿ ಕೈ ಕಟ್ಟಿ ಕೂತಿದ್ದರು. ಅವರು ಏಳದೆ ಗಂಡಸರು ಯಾರೂ ಏಳುವವರಲ್ಲ. ಅಲ್ಲಿ ಅರ್ಧಕ್ಕರ್ಧ ಮನೆಗಳು ಅವರ ತಂದೆಯ ಹಿಂದೆ ಬಂದ ಮನೆಗಳು. ತಟ್ಟೆಯನ್ನು ನಾನೇ ಹಿಡಿದುಕೊಂಡು ನಿಂತೆ. ಹಿಂದಿನ ಚಾಪೆಯಲ್ಲಿ ಅಜ್ಜಿ ಈ ಸಲ ಕಣ್ಣು ಮುಚ್ಚಿರಲಿಲ್ಲ. ಬಡಿಸಿದ ಮೇಲೆ ಉಣ್ಣುವವರ ಮುಖ ನೋಡುವ ಹಾಗೆ ಎಲ್ಲರನ್ನೂ ನೋಡುತ್ತಿದ್ದಳು. ಯಾರೂ ಎದ್ದು ಬರದೇ ಹೋದರೆ ಅವಳು ಸಂಜೆಯೊಳಗೆ ಟ್ರಂಕು ಎತ್ತುತ್ತಾಳೆ ಎಂದು ನನಗೆ ಗೊತ್ತಿತ್ತು. ತಟ್ಟೆಯ ಅಂಚು ನನ್ನ ಉಂಗುರಕ್ಕೆ ತಾಗಿ ಸದ್ದು ಮಾಡುತ್ತಿತ್ತು.

ಫೋರ್‌ಮನ್ನರು ಎದ್ದರು. ಬಾಗಿಲ ಕಡೆ ಹೋಗುತ್ತಾರೆ ಎಂದುಕೊಂಡೆ. ಮುಂದೆ ಬಂದು ಮಂಡಿಯೂರಿ ಕೈ ಚಾಚಿದರು. ನಾನು ಒಂದು ಚೂರು ತೆಗೆದುಕೊಂಡು, ವಿಧಿಯ ಮಾತಿಗೆ ಬಾಯಿ ತೆರೆದೆ.

‘ಏನೂ ಹೇಳ್ಬೇಡಿ’ ಎಂದರು, ನನಗೆ ಮಾತ್ರ ಕೇಳುವಷ್ಟು ಮೆತ್ತಗೆ. ‘ಇದಕ್ಕೆ ಅರ್ಥ ಹೇಳ್ಬೇಡಿ ಅಯ್ಯನೋರೇ. ಸುಮ್ನೆ ಕೊಡಿ.’

ಸುಮ್ಮನೆ ಕೊಟ್ಟೆ. ಅವರು ಅದನ್ನು ಅಂಗೈಯಲ್ಲಿಟ್ಟುಕೊಂಡು ನೋಡಿದರು. ಏನು ನೋಡಿದರೋ, ಯಾರಿಗೆ ತೋರಿಸಿದರೋ, ನಾನು ಹೇಗೆ ಹೇಳಲಿ? ಬಾಯಲ್ಲಿ ಹಾಕಿಕೊಂಡರು. ಅಗಿಯುತ್ತಿದ್ದ ದವಡೆ ಒಂದು ಕ್ಷಣ ನಿಂತಿತು, ಹುಬ್ಬು ಸ್ವಲ್ಪ ಏರಿತು. ಮತ್ತೆ ಅಗಿದು ನುಂಗಿದರು. ಅವರ ಹಿಂದೆ ಬೆಂಚುಗಳು ಸರಿದ ಸದ್ದು ಕೇಳಿಸಿತು. ನನ್ನ ಪಾಲಿನ ಚೂರನ್ನು ನಾನು ತಿಂದಾಗ ಅವರ ಹುಬ್ಬು ಏರಿದ್ದು ಯಾಕೆಂದು ತಿಳಿಯಿತು.

ಆರಾಧನೆ ಮುಗಿದು ಜನ ಹೊಂಗೆ ಮರದ ಕೆಳಗೆ ನಿಂತಿದ್ದರು. ಫೋರ್‌ಮನ್ನರು ಸೀದಾ ಅಜ್ಜಿಯ ಮುಂದೆ ಹೋಗಿ ನಿಂತರು. ಅವಳ ಜೊತೆ ಅವರು ಒಂದು ಮಾತೂ ಆಡಿದ್ದನ್ನು ಅದುವರೆಗೆ ಯಾರೂ ನೋಡಿರಲಿಲ್ಲ. ಅವರ ಹೆಂಡತಿಯೂ ಹಿಂದೆಯೇ ಬಂದಳು. ನಾನು ಓಡಿಕೊಂಡೇ ಹೋದೆ ಎನ್ನಬೇಕು.

‘ರೊಟ್ಟಿಗೆ ಉಪ್ಪು ಹಾಕಿದ್ರಾ?’ ಎಂದರು.

ಅಜ್ಜಿ ಸೆರಗು ಎಳೆದುಕೊಂಡಳು. ಮಗಳ ಮುಖದಲ್ಲಿ ಬಣ್ಣವಿರಲಿಲ್ಲ. ಡ್ಯೂಟಿಯ ಗಡಿಬಿಡಿಯಲ್ಲಿ ಉಪ್ಪು ಬೇಡ ಎಂದು ಹೇಳಿಹೋಗುವುದು ಅವಳಿಗೆ ಮರೆತುಹೋಗಿತ್ತು.

‘ಹಾಕ್ದೆ’ ಎಂದಳು ಅಜ್ಜಿ. ‘ಹೋದ ಸಲದ್ದು ಸಪ್ಪೆ ಇತ್ತು. ಪಾಪ, ಯಾರೋ ಗಡಿಬಿಡೀಲಿ ಮರ್ತಿದ್ದಾರೆ, ಈ ಸಲನಾದ್ರೂ ಸರಿಯಾಗಿರ್ಲಿ ಅಂತ ಹಾಕ್ದೆ. ಜಾಸ್ತಿ ಆಯ್ತೇನಪ್ಪ?’

ಹೋದ ಸಲದ ರೊಟ್ಟಿ ಸುಟ್ಟವಳು ಪಕ್ಕದಲ್ಲೇ ನಿಂತಿದ್ದಳು. ಉಪ್ಪು ಹಾಕಬಾರದೆಂಬ ಪದ್ಧತಿಯನ್ನು ವಿವರಿಸಲು ನನ್ನ ನಾಲಿಗೆ ತುದಿಗಾಲಲ್ಲಿ ನಿಂತಿತ್ತು. ಅದಕ್ಕಿಂತ ಹೆಚ್ಚಾಗಿ, ಉಪ್ಪು ತಿಂದ ಮನೆ ಎಂದರೆ ನಮ್ಮಲ್ಲಿ ಏನೆಂಬುದರ ಮೇಲೆ ಒಂದು ಇಡೀ ಪ್ರಸಂಗ ತಲೆಯಲ್ಲಿ ಎದ್ದುಬಿಟ್ಟಿತ್ತು. ಫೋರ್‌ಮನ್ನರು ನನ್ನ ಕಡೆ ಒಮ್ಮೆ ನೋಡಿದರು. ನಾನು ಬಾಯಿ ಮುಚ್ಚಿಕೊಂಡೆ.

‘ಇಲ್ಲಮ್ಮ’ ಎಂದರು ಅವರು. ‘ಸರಿಯಾಗಿತ್ತು.’

ಆಮೇಲೆ ಹೆಂಡತಿಯ ಕಡೆ ತಿರುಗಿ, ‘ಮುಂದಿನ ಸಲ ನೀನೂ ಹಾಕು’ ಎಂದು ಹೇಳಿ, ಕೊರಳ ಗುಂಡಿ ಸರಿಮಾಡಿಕೊಂಡು ಮನೆಯ ಕಡೆ ನಡೆದರು.

ನಾನು ಮರದ ಹಿಂದಕ್ಕೆ ಹೋಗಿ ಅತ್ತೆ. ಖುಷಿಗೋ, ಸೋತದ್ದಕ್ಕೋ, ಫೋರ್‌ಮನ್ನರ ಅವ್ವನ ಸೆರಗಿನಿಂದ ಕೆಳಗೆ ಬಿದ್ದ ಅನ್ನಕ್ಕೋ ಗೊತ್ತಾಗಲಿಲ್ಲ. ಮುಂದಿನ ಸಲ ಕ್ವಾರ್ಟರ್ಸಿಗೆ ಹೋದಾಗ ಟ್ರಂಕು ಮಂಚದ ಕೆಳಗಿತ್ತು, ಅದಕ್ಕೆ ಬಿಗಿದಿದ್ದ ಹಗ್ಗದ ಮೇಲೆ ಹಿತ್ತಲಲ್ಲಿ ಬಟ್ಟೆ ಒಣಗುತ್ತಿತ್ತು. ಅಜ್ಜಿ ದೀಕ್ಷಾಸ್ನಾನ ತೆಗೆದುಕೊಳ್ಳಲಿಲ್ಲ, ಮತ್ತೆ ರೊಟ್ಟಿಗೆ ಮುಂದೆ ಬರಲೂ ಇಲ್ಲ. ಯಾರೂ ಅವಳನ್ನು ಬಾ ಎನ್ನಲಿಲ್ಲ, ಬೇಡ ಎನ್ನಲಿಲ್ಲ. ಫೋರ್‌ಮನ್ನರಿಗೂ ಅವಳಿಗೂ ಸ್ನೇಹ ಬೆಳೆಯಿತು ಎಂದರೆ ಸುಳ್ಳಾಗುತ್ತದೆ. ಸಂಸ್ಕಾರದ ದಿನ ಮಾತ್ರ, ಯಾರ ಮನೆಯ ಸರದಿಯೇ ಇರಲಿ, ಹೊಂಗೆ ಮರದ ಕೆಳಗೆ ಅವಳು ಕೇಳುವಳು, ‘ಇವತ್ತು ಹೆಂಗಿತ್ತು?’ ಅವರು ನಿಂತು ಹೇಳುವರು, ‘ಉಪ್ಪು ಇತ್ತಮ್ಮ.’